ಕಂಬಳಿ ದೊರೆಯ ಕೂಗು

ಉಡುತಡಿ
ಫೆಬ್ರವರಿ 17, 2025

ರೋಜಾ,

ಬೀರಪ್ಪನ ದಯೆಯಿಂದ ನಾನು ಚೆನ್ನಾಗಿದ್ದೇನೆ. ಕುರಿಗಳು ಚೆನ್ನಾಗಿವೆ. ನಿನ್ನ ಮೇಲಿನ ನನ್ನ ಸಿಟ್ಟೂ ಚೆನ್ನಾಗಿದೆ.

ಅವ್ವ ಫೋನ್ ಯಾಕೆ ಎತ್ತುತ್ತಿಲ್ಲ ಎಂದು ಪಕ್ಕದ ಮನೆ ಪವಿತ್ರಳನ್ನು ಕೇಳಿದೆಯಂತೆ. ಅದಕ್ಕೇ ಈ ಕಾಗದ. ಮೊನ್ನೆ ಶನಿವಾರ ಸಂಜೆ ರೊಟ್ಟಿ ಬಡಿಯುತ್ತಾ ಟಿವಿಯಲ್ಲಿ ನಿನ್ನ ದನಿ ಕೇಳುತ್ತಿದ್ದೆ. ಫುಟ್‌ಬಾಲ್ ನನಗೆ ತಿಳಿಯದು. ಯುರೋಪಿನಲ್ಲಿ ಯಾರೋ ಆಡುತ್ತಾರೆ, ನನ್ನ ಮಗಳು ಮುಂಬೈಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಹೇಳುತ್ತಾಳೆ, ಅಷ್ಟು ಗೊತ್ತು. ಒಬ್ಬ ಕುಳ್ಳ ಹುಡುಗ ಚೆಂಡು ತಗೊಂಡು ಅಂಚು ಹಿಡಿದು ಓಡಿದ. ನೀನು ಇದ್ದಕ್ಕಿದ್ದಂತೆ ಕೂಗಿದೆ: "ಹಾದಿ ಬಿಡ್ರೋ, ಕಂಬಳಿ ದೊರೆ ಬಂದ!"

ಹಂಚಿನ ಮೇಲಿದ್ದ ರೊಟ್ಟಿ ಸುಟ್ಟುಹೋಯಿತು.

ಅದು ಯಾರ ಕೂಗು ಎಂದು ನಿನಗೆ ಹೇಳಿಕೊಡಬೇಕೇ? ಶ್ರಾವಣದಲ್ಲಿ ಬೀರಪ್ಪನ ಪಲ್ಲಕ್ಕಿ ಕೆರೆಗೆ ಮೀಯಲು ಹೊರಡುವಾಗ ಮುಂದೆ ನಿಂತು ಕೂಗುವ ಕೂಗು. ಅದು ಕಿವಿಗೆ ಬೀಳುವವರೆಗೆ ಪಲ್ಲಕ್ಕಿ ಹೊತ್ತವರು ಒಂದು ಹೆಜ್ಜೆ ಎತ್ತುವುದಿಲ್ಲ. ಛತ್ರಿ ಹಿಡಿಯುವ ಹಕ್ಕು ಒಂದು ಮನೆಯದು, ದೀವಟಿಗೆ ಹಿಡಿಯುವುದು ಇನ್ನೊಂದು ಮನೆಯದು, ಕೂಗುವುದು ನಮ್ಮ ಮನೆಯದು. ನಿಮ್ಮಪ್ಪ ಬೆಳಗಿನಿಂದ ಉಪವಾಸವಿದ್ದು, ಕಂಬಳಿ ಹೊದ್ದು, ಬರಿಗಾಲಲ್ಲಿ ನಿಂತು ಕೂಗುತ್ತಿದ್ದರು. ಅವರು ಹೋದಮೇಲೆ ಅದು ನಿನ್ನ ಚಿಕ್ಕಪ್ಪ ಉಚ್ಚಂಗಪ್ಪನಿಗೆ ಬಂತು. ಅವನು ಕೂಗಿದರೆ ಕಟ್ಟೆಯ ಮೇಲೆ ಮಲಗಿದ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ಆದರೂ ಹಕ್ಕು ಅವನದೇ. ಹೆಂಗಸರು ಯಾರೂ ಇದುವರೆಗೆ ಕೂಗಿದ್ದಿಲ್ಲ. ನೀನು ಕೂಗಿದೆ. ಅದೂ ಬೂಟು ಹಾಕಿಕೊಂಡು, ಚೆಂಡಾಟಕ್ಕೆ.

ಮಾರನೇ ದಿನವೇ ದೇವಸ್ಥಾನದ ಹಿರಿಯರಾದ ಆನಂದಪ್ಪನವರು ಬಂದು ಜಗಲಿಯ ಮೇಲೆ ಕೂತರು. "ಲೋಕಪ್ಪನ ಮಗಳು ದೇವರನ್ನ ಟಿವಿಗೆ ಮಾರಿದ್ಲು ಅಂತಾರಲ್ಲಮ್ಮ ಜನ" ಅಂದರು. ನೀರು ಕೊಟ್ಟೆ.

ಅವತ್ತೇ ಬೀರಪ್ಪನ ಮುಂದೆ ಹರಕೆ ಹೊತ್ತೆ. ತಪ್ಪಾಯಿತು ಎಂದು ನೀನು ಕೈಯಾರೆ ಬರೆದು ಕಳಿಸಬೇಕು, ಆ ಕಾಗದ ಅವನ ಪಾದ ಮುಟ್ಟಬೇಕು. ಅಲ್ಲಿಯವರೆಗೆ ಫೋನಿನಲ್ಲಿ ನಿನ್ನ ದನಿ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ
ಗುತ್ಯಮ್ಮ


ಮುಂಬೈ
ಮಾರ್ಚ್ 4, 2025

ಅವ್ವ,

ನಿನ್ನ ಕಾಗದ ಬಂತು. ತಪ್ಪಾಯಿತು ಎಂದು ಬರೆಯುವುದಿಲ್ಲ. ಆಗಿದ್ದರೆ ಬರೆಯುತ್ತಿದ್ದೆ.

ಬೇಕೆಂದು ಕೂಗಿದ್ದಲ್ಲ ಅದು. ಆ ಹುಡುಗ ಓಡಿದಾಗ ಎದುರಿಗಿದ್ದವರೆಲ್ಲ ಅತ್ತಿತ್ತ ಸರಿದರು, ನಡುವೆ ಒಂದು ಹಾದಿ ತೆರೆಯಿತು. ಅಂಥ ಹಾದಿಯನ್ನು ನಾನು ಮೊದಲು ನೋಡಿದ್ದು ಕೆರೆ ದಾರಿಯಲ್ಲಿ, ಅಪ್ಪನ ಬೆನ್ನ ಮೇಲೆ ಕೂತು. ಅಪ್ಪ ಕೂಗಿದಾಗ ಅವರ ಬೆನ್ನು ನಡುಗುವುದು ನನ್ನ ಹೊಟ್ಟೆಗೆ ತಾಗುತ್ತಿತ್ತು. ಹಾದಿ ಕಂಡ ಕೂಡಲೇ ಅದೇ ಬಂತು ಬಾಯಿಗೆ. ಮೊಣಕಾಲು ಕೆಟ್ಟು ನಾನು ಆಡುವುದನ್ನು ಬಿಟ್ಟಮೇಲೆ ನನಗೆ ಉಳಿದದ್ದು ಗಂಟಲೊಂದೇ, ಅವ್ವ. ಅದು ಅಪ್ಪ ಕೊಟ್ಟದ್ದು. ಅದರೊಳಗೆ ಅಪ್ಪ ಏನೇನು ಇಟ್ಟಿದ್ದಾರೋ ನಾನು ಹೇಗೆ ಹೇಳಲಿ?

ಇಲ್ಲಿ ಎಲ್ಲರಿಗೂ ಹಿಡಿಸಿತು. ಈಗ ಪ್ರತಿ ಆಟದಲ್ಲೂ ಕೂಗು ಎನ್ನುತ್ತಾರೆ. ಹಾದಿ ಕಂಡರೆ ಕೂಗುತ್ತೇನೆ, ಕಾಣದಿದ್ದರೆ ಇಲ್ಲ ಎಂದಿದ್ದೇನೆ.

ಇನ್ನೊಂದು ವಿಷಯ. ಯುರೋಪಿನ ಲೀಗ್‌ನವರು ತಮ್ಮ ಆಟ ತೋರಿಸುವ ಹಕ್ಕನ್ನು ಒಂದೊಂದು ದೇಶಕ್ಕೂ ಬೇರೆ ಬೇರೆಯಾಗಿ ಮಾರುತ್ತಾರೆ. ಇಂತಿಷ್ಟು ವರ್ಷಕ್ಕೆ ಅಂತ. ನಮ್ಮ ದೇಶದ ಹಕ್ಕು ಈಗ ನಮ್ಮ ಕಂಪನಿಯ ಕೈಲಿದೆ, ಮೇ ತಿಂಗಳಿಗೆ ಮುಗಿಯುತ್ತದೆ. ಮತ್ತೆ ಹರಾಜು. ಸೋತರೆ ಮಾರನೇ ದಿನದಿಂದ ಹಳೆಯ ಗೋಲನ್ನು ತೋರಿಸುವುದಕ್ಕೂ ಇವರಿಗೆ ಅಧಿಕಾರವಿಲ್ಲ. ಗೆದ್ದವರಿಗೆ ಕನ್ನಡ ಬೇಕೋ ಬೇಡವೋ, ಅದು ಅವರ ಇಷ್ಟ.

ಹಾಗಾಗಿ ನಿಮ್ಮ ಟಿವಿಯಲ್ಲಿ ನನ್ನ ದನಿ ಇನ್ನೆಷ್ಟು ದಿನವೋ. ಹರಕೆಯಲ್ಲಿ ಟಿವಿ ಸೇರಿಲ್ಲ ತಾನೇ?

ರೋಜಾ


ಉಡುತಡಿ
ಏಪ್ರಿಲ್ 5, 2025

ರೋಜಾ,

ಟಿವಿ ಸೇರಿಲ್ಲ. ಹಾಗಂತ ನಾನು ಆಟ ನೋಡುತ್ತಿದ್ದೇನೆ ಎಂದುಕೊಳ್ಳಬೇಡ. ನಾನು ಅಡುಗೆಮನೆಯಲ್ಲಿರುತ್ತೇನೆ. ಟಿವಿ ಸ್ವಲ್ಪ ಜೋರಾಗಿರುತ್ತದೆ, ಅಷ್ಟೇ.

ಯುಗಾದಿ ಸಾಮಾನಿಗೆ ಶಿಕಾರಿಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನ ಅಂಗಿಯ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ 'ಹಾದಿ ಬಿಡ್ರೋ, ಕಂಬಳಿ ದೊರೆ ಬಂದ' ಎಂದು ಅಚ್ಚಾಗಿತ್ತು. ಕೆಳಗೆ ನಿಮ್ಮ ಕಂಪನಿಯ ಗುರುತು. ತಡೆಯಲಾಗಲಿಲ್ಲ.

"ಏನಪ್ಪಾ, ಬೆನ್ನ ಮೇಲೆ ದೇವರು, ಕಾಲಲ್ಲಿ ಚಪ್ಪಲಿ?"

"ದೇವರದ್ದಲ್ಲಮ್ಮ, ಇದು ಫುಟ್‌ಬಾಲಿಂದು. ಆನ್‌ಲೈನಲ್ಲಿ ತರ್ಸಿದ್ದು."

"ಯಾವೂರು ನಿಂದು?"

"ಕುಬಟೂರು."

"ಅಷ್ಟು ದೊಡ್ಡ ಗುಡಿ ಇರೋ ಕುಬಟೂರಾಗೆ ಹುಟ್ಟಿ ದೇವರ್ಯಾವುದು ಚೆಂಡ್ಯಾವುದು ಗೊತ್ತಾಗಲ್ವೇನೋ ನಿಂಗೆ?"

ಪಾಪ, ಅವನು ಬಸ್ಸು ಬರುವವರೆಗೂ ನನಗೆ ಬೆನ್ನು ತೋರಿಸದೆ ಗೋಡೆಗೆ ಒರಗಿ ನಿಂತಿದ್ದ. ಆ ಬರಹದ ಕೊನೆಯಲ್ಲಿ ಸಣ್ಣ ಸುತ್ತಿನೊಳಗೆ ಒಂದು ಇಂಗ್ಲಿಷ್ ಅಕ್ಷರವಿತ್ತು. ಪವಿತ್ರಳನ್ನು ಕೇಳಿದೆ. ಇದು ನಮ್ಮದು, ಬೇರೆ ಯಾರೂ ಮುಟ್ಟಬೇಡಿ ಎಂದು ಅದರ ಅರ್ಥವಂತೆ.

ರೋಜಾ, ನಿನ್ನ ಹರಾಜಿನ ಮಾತು ನನಗೆ ಅರ್ಥವಾಗದೇ ಇಲ್ಲ. ನಾವು ಬೇಸಿಗೆಯಲ್ಲಿ ಮಾಡುವುದೂ ಅದೇ ಅಲ್ಲವೇ? ಮಂದೆ ನಮ್ಮದು. ಗೊಬ್ಬರಕ್ಕಾಗಿ ಹೊಲದವರು ಬಾ ಎಂದು ಕರೆಯುತ್ತಾರೆ. ಯಾರು ಹೆಚ್ಚು ಕಾಳು ಕೊಡುತ್ತಾರೋ ಅವರ ಹೊಲದಲ್ಲಿ ಕುರಿ ಕೂರಿಸುತ್ತೇವೆ. ಮಾತಾಡಿದಷ್ಟು ದಿನ ಮುಗಿದರೆ ಮಂದೆ ಎಬ್ಬಿಸಿಕೊಂಡು ಇನ್ನೊಬ್ಬರ ಹೊಲಕ್ಕೆ. ಲೀಗ್‌ನವರು ಕುರಿಯವರು, ನಿಮ್ಮ ಕಂಪನಿ ಹೊಲದವನು. ಮಂದೆ ಎದ್ದ ಮೇಲೆ ಗೊಬ್ಬರ ಹೊಲದವನಿಗೇ ಸೇರಬೇಕು, ಅದು ನ್ಯಾಯ. ಆದರೆ ಕುರಿ ಕಾಯುವವನ ಗಂಟಲನ್ನೂ ಇಟ್ಟುಕೊಳ್ಳುತ್ತೇನೆ ಎಂದ ಹೊಲದವನನ್ನು ನಾನು ಇದುವರೆಗೆ ಕಂಡಿಲ್ಲ.

ನಿನ್ನ ತಪ್ಪು ನಿನ್ನದೇ. ಅದು ಬೇರೆ ಲೆಕ್ಕ. ಕಾಗದ ಕಾಯುತ್ತಿದ್ದೇನೆ.

ನಿನ್ನ ಅವ್ವ
ಗುತ್ಯಮ್ಮ


ಮುಂಬೈ
ಮೇ 28, 2025

ಅವ್ವ,

ಕಂಪನಿ ಹರಾಜಿನಲ್ಲಿ ಸೋತಿತು. ಭಾನುವಾರ ಕೊನೆಯ ಆಟ ಹೇಳಿದೆ. ಕೇಳಿರುತ್ತೀಯ. ಮುಗಿದ ಮೇಲೆ ದೀಪ ಆರಿಸಿದರು, ಎಲ್ಲರೂ ಕೈ ಕುಲುಕಿದರು, ಮನೆಗೆ ಬಂದೆ.

ಹೊಸ ಕಂಪನಿಯವರು ಕನ್ನಡ ಇರಲಿ, ನೀನೇ ಬಾ ಎಂದಿದ್ದಾರೆ. ಆದರೆ ಹಳಬರು ಬಿಡುಗಡೆ ಪತ್ರ ಕೊಟ್ಟರೆ ಮಾತ್ರ ತಗೊಳ್ಳುತ್ತಾರೆ. ಹಳಬರು ಕೊಡಬೇಕಾದರೆ ನಾನು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಆ ಕೂಗು ಕಂಪನಿಯದು, ನಾನು ಅಲ್ಲಿ ಕೆಲಸದಲ್ಲಿದ್ದಾಗ ಹುಟ್ಟಿದ್ದು, ಇನ್ನೆಲ್ಲೂ ಕೂಗುವುದಿಲ್ಲ ಎಂದು. ಅದು ಹುಟ್ಟಿದ್ದು ನಾನು ಹುಟ್ಟುವ ಮೊದಲು, ನನ್ನ ಮುತ್ತಜ್ಜ ಹುಟ್ಟುವ ಮೊದಲು ಎಂದೆ. ಹಾಗಾದರೆ ದೇವಸ್ಥಾನದಿಂದ ಬರೆಸಿಕೊಂಡು ಬಾ ಎಂದರು ಅವರ ವಕೀಲರು. ಮುಖದಲ್ಲಿ ನಗು ಇತ್ತು.

ಸಹಿ ಹಾಕಲಿಲ್ಲ. ಹಾಕಿದ್ದರೆ ಆನಂದಪ್ಪನವರ ಮಾತು ನಿಜವಾಗುತ್ತಿತ್ತು, ಮಾರಿದ ಹಾಗೇ ಆಗುತ್ತಿತ್ತು.

ಹೊಸಬರ ಆಟ ಆಗಸ್ಟಿನಲ್ಲಿ ಶುರು. ಅವರಿಗೆ ಟಿವಿ ಚಾನೆಲ್ ಇಲ್ಲ, ಎಲ್ಲ ಫೋನಿನಲ್ಲೇ. ನನಗೆ ಕೆಲಸ ಸಿಕ್ಕರೂ ನಿನಗೆ ನನ್ನ ದನಿ ಸಿಗುವುದಿಲ್ಲ. ಹರಕೆ ಹೊರುವಾಗ ಬೀರಪ್ಪ ನಿನಗೆ ಇದನ್ನು ಹೇಳಬಹುದಿತ್ತು.

ರೋಜಾ


ಉಡುತಡಿ, ಶಿಕಾರಿಪುರ ತಾಲ್ಲೂಕು
ಜೂನ್ 9, 2025

ಟಿವಿ ಕಂಪನಿಯ ಯಜಮಾನರಿಗೆ,

ನಾನು ಗುತ್ಯಮ್ಮ. ಕುರಿ ಸಾಕುವವಳು. ನಿಮ್ಮಲ್ಲಿ ಕನ್ನಡದಲ್ಲಿ ಆಟ ಹೇಳುತ್ತಿದ್ದ ರೋಜಾಳ ತಾಯಿ. ಜಡೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ವ್ಯಾಪಾರ ಮಾಡಿದವರಿಗೆ ಕನ್ನಡ ಓದುವವರು ಸಿಗುತ್ತಾರೆ ಎಂದುಕೊಂಡಿದ್ದೇನೆ.

ಆಟ ತೋರಿಸುವ ಹಕ್ಕನ್ನು ನೀವು ಯುರೋಪಿನವರಿಂದ ಕೊಂಡಿರಿ. ನನ್ನ ಮಗಳ ದುಡಿಮೆಯನ್ನು ಸಂಬಳ ಕೊಟ್ಟು ಕೊಂಡಿರಿ. ಎರಡಕ್ಕೂ ನನ್ನ ತಕರಾರಿಲ್ಲ. ಕೂಗನ್ನು ಯಾರಿಂದ ಕೊಂಡಿರಿ? ಮಾರಲು ಅದು ಅವಳದಲ್ಲ. ನನ್ನದೂ ಅಲ್ಲ. ನಮ್ಮ ಮನೆಗೆ ಇರುವುದು ಕೂಗುವ ಹಕ್ಕು ಮಾತ್ರ, ಕೂಗು ಬೀರಪ್ಪನದು. ಅವನು ನಿಮಗೆ ಬರೆದುಕೊಟ್ಟಿದ್ದರೆ ಆ ಪತ್ರ ತೋರಿಸಿ, ಸುಮ್ಮನಾಗುತ್ತೇನೆ.

ಅಂಗಿಯ ಮೇಲೆ ಅಚ್ಚು ಹಾಕಿಸಿದ್ದೀರಿ. ಹೊಲಿಸಿದ ಅಂಗಿ ನಿಮ್ಮದು. ಅದರ ಮೇಲಿನ ಸಣ್ಣ ಸುತ್ತನ್ನು ತೆಗೆಯಿರಿ.

ಮಗಳ ಮೇಲೆ ನನಗೂ ಸಿಟ್ಟಿದೆ. ಆ ಜಗಳ ನಮ್ಮ ಮನೆಯದು, ನಮ್ಮ ದೇವರ ಮುಂದೆ ತೀರುತ್ತದೆ. ನೀವು ನಡುವೆ ಬರಬೇಡಿ. ಅವಳ ಬಿಡುಗಡೆ ಪತ್ರ ಅವಳಿಗೆ ಕೊಡಿ.

ಗುತ್ಯಮ್ಮ
ಲೋಕಪ್ಪನವರ ಹೆಂಡತಿ


ಉಡುತಡಿ
ಜುಲೈ 12, 2025

ರೋಜಾ,

ನಿಮ್ಮ ಹಳೇ ಕಂಪನಿಗೆ ನಾನೇ ಬರೆದಿದ್ದೆ. ನಿನಗೆ ಹೇಳಿರಲಿಲ್ಲ. ಉತ್ತರ ಬಂತು, ಒಂದೇ ಸಾಲು, ಇಂಗ್ಲಿಷಿನಲ್ಲಿ. ಪವಿತ್ರ ಓದಿದಳು. ಸಂಬಂಧಪಟ್ಟ ದೇವಸ್ಥಾನದ ಪತ್ರ ಕಳಿಸಿದರೆ ನೋಡುತ್ತೇವೆ ಎಂದಿದ್ದಾರೆ.

ಆನಂದಪ್ಪನವರ ಮನೆಗೆ ಹೋದೆ. ಅವರಿಗೂ ಕಂಪನಿಯ ಮೇಲೆ ಕೆಂಡದಂಥ ಸಿಟ್ಟು. ಬರೆದುಕೊಡುತ್ತೇನೆ ಎಂದು ಕನ್ನಡಕ ಹುಡುಕಿದರು. ಬರೆಯುತ್ತಾ ಗಟ್ಟಿಯಾಗಿ ಓದಿದರು. ಈ ಕೂಗು ತಲೆತಲಾಂತರದಿಂದ ನಮ್ಮ ಬೀರಪ್ಪನದು, ಸರಿ. ಇದನ್ನು ಗಂಡಸರು ಮಾತ್ರ ಕೂಗತಕ್ಕದ್ದು. ಅಲ್ಲಿಗೆ ನಾನು ತಲೆ ಎತ್ತಿದೆ. ಲೋಕಪ್ಪನ ಮಗಳು ತಿಳಿಯದೆ ತಪ್ಪು ಮಾಡಿದ್ದಾಳೆ, ತಪ್ಪೊಪ್ಪಿಗೆ ಬರೆದುಕೊಟ್ಟಿದ್ದಾಳೆ, ಇನ್ನು ಮುಂದೆ ಅವಳಾಗಲಿ ಇನ್ನಾವ ಹೆಂಗಸಾಗಲಿ ಕೂಗುವುದಿಲ್ಲ. ಅಷ್ಟೂ ಸೇರಿ ಒಂದೇ ಪತ್ರ.

"ಆ ಕೊನೇದನ್ನ ಬಿಟ್ಟು ಕೊಡ್ರಿ" ಅಂದೆ.

"ನೀನೇ ಹರಕೆ ಹೊತ್ತಿದ್ಯಲ್ಲಮ್ಮ, ತಪ್ಪಾತು ಅಂತ ಬರಿಬೇಕು ಅಂತ? ಈಗ ನಿಂಗೇ ಬೇಡಾತಾ?"

ಮಾತು ನಿಜವೇ. ಎದ್ದು ಬಂದೆ. ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಕಂಪನಿಯವರು ಅದು ನಮ್ಮದು, ನೀನು ಕೂಗಬೇಡ ಎನ್ನುತ್ತಾರೆ. ಇವರು ಅದು ದೇವರದು, ನೀನು ಕೂಗಬೇಡ ಎನ್ನುತ್ತಾರೆ. ಮಾಲೀಕರು ಬೇರೆ ಬೇರೆ, ಕೊನೆಯ ಮಾತು ಒಂದೇ.

ಏನು ಮಾಡಲಿ ಎಂದು ನೀನು ಹೇಳು.

ನಿನ್ನ ಅವ್ವ
ಗುತ್ಯಮ್ಮ


ಮುಂಬೈ
ಜುಲೈ 24, 2025

ಅವ್ವ,

ಆ ಪತ್ರ ತಗೋ. ಇದರ ಜೊತೆ ನನ್ನ ತಪ್ಪೊಪ್ಪಿಗೆ ಇಟ್ಟಿದ್ದೇನೆ, ಬೇರೆ ಹಾಳೆಯಲ್ಲಿ. ನೀನು ಕೇಳಿದ ಹಾಗೇ ಕೈಯಾರೆ ಬರೆದಿದ್ದೇನೆ. ಕೆಲಸ ಉಳಿಯುತ್ತದೆ, ನಿನ್ನ ಹರಕೆಯೂ ತೀರುತ್ತದೆ. ಹೊಸಬರಿಗೆ ಕೂಗಿಲ್ಲದೆಯೇ ಆಟ ಹೇಳುತ್ತೇನೆ ಎಂದಿದ್ದೇನೆ.

ಹಾದಿ ತೆರೆದಾಗ ನಾಲಿಗೆ ಕಚ್ಚಿ ಹಿಡಿದರಾಯಿತು. ಅಭ್ಯಾಸವಾಗುತ್ತದೆ.

ರೋಜಾ


ಉಡುತಡಿ
ಆಗಸ್ಟ್ 6, 2025

ಮಗಳೇ,

ನಿನ್ನ ತಪ್ಪೊಪ್ಪಿಗೆ ಕೈಗೆ ಬಂತು. ಫೆಬ್ರವರಿಯಿಂದ ಕೇಳಿಕೊಂಡಿದ್ದು ಅದನ್ನೇ. ಬಂದಮೇಲೆ ಓದಿದರೆ ಅದರಲ್ಲಿ ನೀನಿರಲಿಲ್ಲ. ಯಾರೋ ಹೆದರಿದ ಹುಡುಗಿ ಬರೆದ ಹಾಗಿತ್ತು. ನಿನ್ನ ಅಪ್ಪನ ಮನೆಯಲ್ಲಿ ಅಂಥ ಹುಡುಗಿಯನ್ನು ನಾನು ಸಾಕಿದ ನೆನಪಿಲ್ಲ.

ಮೊನ್ನೆ ಸೋಮವಾರ ಪಲ್ಲಕ್ಕಿ ಕೆರೆಗೆ ಹೊರಡುವ ದಿನ. ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ ಗುಡಿಗೆ ಹೋದೆ. ನಿನ್ನ ಕಾಗದವನ್ನು ಬೀರಪ್ಪನ ಪಾದಕ್ಕೆ ಮುಟ್ಟಿಸಿದೆ. ಹರಕೆ ಅಲ್ಲಿಗೆ ತೀರಿತು. ಪಾದ ಮುಟ್ಟಬೇಕು ಎಂದಿದ್ದೆನೇ ಹೊರತು ಅಲ್ಲೇ ಇರಬೇಕು ಎಂದಿರಲಿಲ್ಲ. ಮತ್ತೆ ಎತ್ತಿ ಸೆರಗಿಗೆ ಕಟ್ಟಿಕೊಂಡೆ.

ಆಮೇಲೆ ಪೂಜಾರಿಗೆ ಹೂ ಇಡಲು ಹೇಳಿದೆ. ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದರು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನೆರೆದವರಿಗೆಲ್ಲ ಕೇಳುವಂತೆ ಕೇಳಿದೆ: "ನಮ್ಮ ಮನೆ ಹೆಣ್ಮಕ್ಕಳು ನಿನ್ನ ಕೂಗು ಕೂಗಬಹುದಾ, ಹೇಳಪ್ಪ."

ಕಾದೆವು. ಊದುಬತ್ತಿ ಉರಿದು ಮುಗಿಯಿತು. ಇನ್ನೊಂದು ಹಚ್ಚಿದರು. ಹೂ ಎರಡೂ ಅಂಟಿಕೊಂಡೇ ಇದ್ದವು.

"ದೇವರಿಗೆ ಮನಸ್ಸಿಲ್ಲಮ್ಮ" ಎಂದರು ಆನಂದಪ್ಪನವರು. "ಬಲಕ್ಕೆ ಬೀಳ್ಲಿಲ್ಲ ನೋಡು."

"ಎಡಕ್ಕೂ ಬಿದ್ದಿಲ್ಲ ನೋಡ್ರಿ. ಬೇಡ ಅಂತ ಅವನು ಹೇಳ್ಲಿಲ್ಲ. ಹೇಳ್ತಿರೋರು ನೀವು."

ಆನಂದಪ್ಪನವರು ಉಚ್ಚಂಗಪ್ಪನ ಕಡೆ ತಿರುಗಿ, ಹೊತ್ತಾಗುತ್ತಿದೆ, ನೀನು ಕೂಗು ಎಂದರು. ನಿನ್ನ ಚಿಕ್ಕಪ್ಪ ಹೊದ್ದಿದ್ದ ಕಂಬಳಿ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ. ನನ್ನನ್ನು ನೋಡಿದ. ಆಮೇಲೆ ಕಂಬಳಿ ತೆಗೆದು ನನ್ನ ಕೈಗಿಟ್ಟ.

"ಅತ್ತಿಗೆ, ಹಕ್ಕು ನನಗೆ ಬಂತು, ಅಣ್ಣನ ಗಂಟಲು ಬರ್ಲಿಲ್ಲ. ನೀವು ಕೂಗ್ರಿ."

ಅವನು ಅಷ್ಟು ದೊಡ್ಡ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ. ನಾಯಿ ಕಿವಿ ನಿಮಿರಿಸುವುದಿಲ್ಲ ಎಂದು ನಾನು ನಿನಗೆ ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕು.

ಕಂಬಳಿ ಹೊದ್ದೆ. ಕಣ್ಣು ಮುಚ್ಚಿದರೆ ನಿಮ್ಮಪ್ಪ ಕಾಣುತ್ತಾರೆ ಎಂದುಕೊಂಡಿದ್ದೆ. ಕಾಣಲಿಲ್ಲ. ಚೆಂಡಿನ ಹಿಂದೆ ಓಡುವ ಆ ಕುಳ್ಳ ಹುಡುಗ ಕಂಡ. ಕೂಗಿದೆ.

ರೋಜಾ, ಪಲ್ಲಕ್ಕಿ ಹೊತ್ತವರು ನಡೆದರು. ಅವರು ಯಾರನ್ನೂ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕೂಗು ಬಿತ್ತು, ಕಾಲು ಎದ್ದವು. ಜನ ಎರಡು ಪಾಲಾಗಿ ಸರಿದರು. ಆನಂದಪ್ಪನವರೂ ಸರಿದರು. ಕೆರೆಯವರೆಗೂ ನಾನೇ ಮುಂದೆ. ಹುಡುಗರೆಲ್ಲ ಫೋನಿನಲ್ಲಿ ಹಿಡಿದಿದ್ದಾರೆ, ಪವಿತ್ರ ನಿನಗೆ ಕಳಿಸುತ್ತಾಳೆ.

ಸಂಜೆ ಮತ್ತೆ ಆನಂದಪ್ಪನವರ ಮನೆಗೆ ಹೋದೆ. ಹೆಂಗಸು ಕೂಗುವುದು ತಪ್ಪಾದರೆ ಪಲ್ಲಕ್ಕಿ ನಡೆದದ್ದೂ ತಪ್ಪು, ದೇವರು ಮಿಂದದ್ದೂ ತಪ್ಪು, ಹಾಗೆಂದು ಬರೆಯುತ್ತೀರಾ ಎಂದು ಕೇಳಿದೆ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಆಮೇಲೆ ಬರೆದರು. ಕೂಗು ಬೀರಪ್ಪನದು, ಕೂಗುವ ಹಕ್ಕು ಲೋಕಪ್ಪನ ಮನೆಯವರದು. ಅಷ್ಟೇ. ಗಂಡಸು ಎಂದೂ ಇಲ್ಲ, ಹೆಂಗಸು ಎಂದೂ ಇಲ್ಲ. ಸಹಿ ಹಾಕಿ ನನ್ನ ಕಡೆ ದೂಡಿದರು. "ಚೆನ್ನಾಗಿ ಕೂಗಿದ್ಲು ಅಂತ ಮಾತ್ರ ನಾನು ಬರಿಯಲ್ಲ" ಎಂದರು.

ಪತ್ರ ಇದರ ಜೊತೆಗಿದೆ. ಆ ವಕೀಲರ ಕೈಗೆ ಕೊಡು, ಈ ಸಲ ನಗು ಇದೆಯೋ ನೋಡು. ಅವರು ಒಪ್ಪಿದರೆ ಸಂತೋಷ. ಒಪ್ಪದೆ ಕೋರ್ಟಿಗೆ ಕರೆದರೆ ನಾನು ಬರುತ್ತೇನೆ, ನಿನ್ನ ಚಿಕ್ಕಪ್ಪನೂ ಬರುತ್ತಾನೆ, ಕಂಬಳಿಯೂ ಬರುತ್ತದೆ. ಯಾರ ಕೂಗು ಎಂದು ನ್ಯಾಯಾಧೀಶರು ಕೇಳಿದರೆ ಅಲ್ಲೇ ಕೂಗುತ್ತೇನೆ. ಕೆಲಸ ಹೋದರೆ ಹೋಯಿತು. ನಾಲಿಗೆ ಕಚ್ಚುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಡ.

ನಿನ್ನ ತಪ್ಪೊಪ್ಪಿಗೆಯನ್ನು ವಾಪಸ್ ಕಳಿಸಿದ್ದೇನೆ. ಹರಿದುಹಾಕು. ತಪ್ಪು ಆಗಿರಲಿಲ್ಲ.

ಹದಿನಾರನೇ ತಾರೀಕು ಆಟ ಶುರುವಂತೆ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಅವತ್ತು ಬೆಳಿಗ್ಗೆಯೇ ಸೊರಬದ ಬಸ್ಸು ಹತ್ತಿ ಜಡೆಗೆ, ನನ್ನಕ್ಕ ರಾಜೇಶ್ವರಮ್ಮನ ಮನೆಗೆ ಹೋಗುತ್ತೇನೆ. ಅವಳ ಅಂಗಳದಲ್ಲಿ ಚೆನ್ನಾಗಿ ಸಿಗುತ್ತದೆ. ಆಟ ಮುಗಿದ ಮೇಲೆ ಫೋನ್ ಮಾಡು, ಎತ್ತುತ್ತೇನೆ. ಏನು ಮಾತಾಡಬೇಕೋ ಇಷ್ಟು ತಿಂಗಳಲ್ಲಿ ಮರೆತಿದೆ, ಅದನ್ನು ಆಗ ನೋಡಿಕೊಳ್ಳೋಣ.

ಹಾದಿ ಕಂಡರೆ ಕೂಗು. ಸಣ್ಣಗೆ ಕೂಗಬೇಡ, ನನಗೆ ಸೊರಬ ತಾಲ್ಲೂಕಿನಲ್ಲಿ ಕೇಳಿಸಬೇಕು.

ಬೂಟು ಮಾತ್ರ ಬಾಗಿಲಾಚೆ ಬಿಟ್ಟು ಒಳಗೆ ಹೋಗಿ ಕೂರು.

ನಿನ್ನ ಅವ್ವ
ಗುತ್ಯಮ್ಮ